ನಮ್ಮಿಬ್ಬರ ಜನರಲ್ ಶಿಫ್ಟು

ಮೇದೋಜೀರಕ ಗ್ರಂಥಿಯ ಚಿತ್ರವನ್ನು ನಾನು ಇಪ್ಪತ್ತೆಂಟು ವರ್ಷ ಕಂಪ್ಲಿಯ ಹೈಸ್ಕೂಲಿನ ಬೋರ್ಡಿನ ಮೇಲೆ ಬರೆದಿದ್ದೇನೆ. ಜಠರದ ಹಿಂದೆ ಅಡ್ಡಡ್ಡ ಮಲಗಿರುವ, ಮೆಣಸಿನಕಾಯಿಯಂಥ ಅಂಗ. ಹಳದಿ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆ. ಪರೀಕ್ಷೆಯಲ್ಲಿ ಎರಡು ಅಂಕಕ್ಕಿಂತ ಹೆಚ್ಚಿನ ಪ್ರಶ್ನೆ ಅದರ ಮೇಲೆ ಬಂದದ್ದಿಲ್ಲ. ಮಕ್ಕಳು ಅದನ್ನು ಬಿಟ್ಟು ಹೃದಯ ಓದಿಕೊಂಡು ಬರುತ್ತಿದ್ದರು, ನಾನೂ ಬೈಯುತ್ತಿರಲಿಲ್ಲ. ನನ್ನ ಗಂಡನಿಗೆ ಕ್ಯಾನ್ಸರ್ ಹಿಡಿದದ್ದು ಅಲ್ಲೇ. ದೊಡ್ಡಾಸ್ಪತ್ರೆಯ ಡಾಕ್ಟರು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸುವಾಗ ಅದರ ತಲೆಯನ್ನೂ ಬಾಲವನ್ನೂ ಅದಲುಬದಲು ಮಾಡಿದ್ದರು. ಇನ್ನು ಎರಡು ತಿಂಗಳೋ ಮೂರು ತಿಂಗಳೋ, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಎಂದು ಅವರು ಹೇಳುತ್ತಿದ್ದರೆ ನನ್ನ ಕಣ್ಣೆಲ್ಲ ಆ ತಪ್ಪು ಚಿತ್ರದ ಮೇಲೆ. ಕೊನೆಗೆ ಅವರ ಪೆನ್ನು ಇಸಿದುಕೊಂಡು ತಿದ್ದಿಯೇ ಬಿಟ್ಟೆ.

ನನ್ನ ಗಂಡ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸಗಾರರು. ಮನೆ ಹೊಸಪೇಟೆಯಲ್ಲಿ. ಅವರು ಕಂಪನಿ ಬಸ್ಸು ಹತ್ತಿ ಒಂದು ದಿಕ್ಕಿಗೆ ಹೋದರೆ ನಾನು ಕಂಪ್ಲಿ ಬಸ್ಸು ಹತ್ತಿ ಇನ್ನೊಂದು ದಿಕ್ಕಿಗೆ. ಎ ಶಿಫ್ಟು ಬೆಳಗಿನ ಆರಕ್ಕೆ, ಬಿ ಶಿಫ್ಟು ಮಧ್ಯಾಹ್ನ ಎರಡಕ್ಕೆ, ಸಿ ಶಿಫ್ಟು ರಾತ್ರಿ ಹತ್ತಕ್ಕೆ, ವಾರ ವಾರ ಬದಲು. ನಾನು ಎದ್ದಾಗ ಅವರಿಗೆ ನಿದ್ದೆ, ಅವರು ಎದ್ದಾಗ ನಾನು ಶಾಲೆಯಲ್ಲಿ. ಎ ಶಿಫ್ಟಿನ ವಾರವೂ ಅಷ್ಟೇ, ನಸುಕಿಗೇ ಎದ್ದು ಹೋದವರು ನಾನು ಸಂಜೆ ಬಸ್ಸಿಳಿದು ಬರುವ ಹೊತ್ತಿಗೆ ಗೊರಕೆ ಹೊಡೆಯುತ್ತಿದ್ದರು. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷವಾದರೂ ಇಬ್ಬರೂ ಒಟ್ಟಿಗೆ ಎಚ್ಚರವಿದ್ದ ಹೊತ್ತನ್ನೆಲ್ಲ ಕೂಡಿಸಿದರೆ ಹೊಸ ದಂಪತಿಗಳ ಲೆಕ್ಕಕ್ಕೇ ಬರುತ್ತೇವೆ. ನಮಗೆ ಒಬ್ಬಳೇ ಮಗಳು, ಸಂಡೂರಿನಲ್ಲಿ ಬ್ಯಾಂಕಿನ ಕೆಲಸ. ಇಷ್ಟರಲ್ಲಿ ಅವಳೊಬ್ಬಳು ಹೇಗೆ ಹುಟ್ಟಿದಳು ಎಂದು ಸ್ಟಾಫ್ ರೂಮಿನ ಗೆಳತಿಯರು ಚುಡಾಯಿಸುತ್ತಿದ್ದರು. ವಾರದ ರಜೆ ಇತ್ತಲ್ಲ ಎನ್ನುತ್ತಿದ್ದೆ. ಕಾರ್ಖಾನೆಯಲ್ಲಿ ಆಫೀಸಿನವರಿಗೆ ಜನರಲ್ ಶಿಫ್ಟು ಅಂತ ಒಂದಿದೆ, ಬೆಳಗ್ಗೆ ಹೋಗಿ ಸಂಜೆ ಮನೆಗೆ ಬರುವುದು. ರಿಟೈರಾಗುವ ಮೊದಲು ಒಂದು ವರ್ಷವಾದರೂ ಅದು ತನಗೆ ಸಿಗುತ್ತದೆ, ಆಗ ಇಬ್ಬರೂ ಕೂತು ಸಂಜೆಯ ಚಹಾ ಕುಡಿಯೋಣ ಎಂದು ಅವರು ಹೇಳುತ್ತಲೇ ಬಂದರು. ಅದು ಸಿಗುವ ಮೊದಲು ಈ ಕಾಯಿಲೆ ಬಂತು.

ಹಾಗಾಗಿ ಆ ಎರಡು-ಮೂರು ತಿಂಗಳಲ್ಲಿ ನನಗೆ ಬೇಕಾಗಿದ್ದು ಒಂದೇ. ಅವರು ಎಚ್ಚರವಾಗಿ, ನೋವಿಲ್ಲದೆ, ನನ್ನ ಜೊತೆ ಕೂತಿರಬೇಕು. ಪವಾಡ ಬೇಕಿರಲಿಲ್ಲ, ಕಾಯಿಲೆ ವಾಸಿಯಾಗಲಿ ಎಂದು ಹರಕೆ ಹೊರುವ ಆಸೆಯೂ ಹುಟ್ಟಲಿಲ್ಲ. ಇದನ್ನು ನಾನು ಯಾರಿಗೂ ಹೇಳಲಿಲ್ಲ, ಅವರಿಗಂತೂ ಹೇಳಲೇ ಇಲ್ಲ. ಗಂಡನಿಗೆ ಇಂಥದ್ದನ್ನೆಲ್ಲ ಬಾಯಿಬಿಟ್ಟು ಹೇಳುವ ರೂಢಿ ನಮ್ಮ ಕಡೆ ಇಲ್ಲ. ಊಟಕ್ಕೆ ಬರ್ರಿ ಎಂದರೆ ಅದರಲ್ಲೇ ಎಲ್ಲವೂ ಬಂತು.

ಮಗಳು ಅವರಿವರನ್ನು ಕೇಳಿ ಸಂಡೂರಿನ ಕಡೆ ಒಂದು ಸಣ್ಣ ಸಂಸ್ಥೆಯನ್ನು ಪತ್ತೆ ಮಾಡಿದಳು. ಹಾಸ್ಪೈಸ್ ಎನ್ನುತ್ತಾರೆ, ವಾಸಿಯಾಗದ ಕಾಯಿಲೆಯವರನ್ನು ಕೊನೆಯತನಕ ನೋಡಿಕೊಳ್ಳುವವರು. ಮನೆಗೂ ಬರುತ್ತಾರೆ. ಕೇಳಿದ ಕೂಡಲೇ ನನಗೆ ಸಿಟ್ಟು ಬಂತು. ಮನುಷ್ಯ ಇನ್ನೂ ಕೂತು ಪೇಪರ್ ಓದುತ್ತಿದ್ದಾರೆ, ಈಗಲೇ ಕೊನೆಯವರನ್ನು ಕರೆಸುತ್ತೀಯಾ ಎಂದು ಮಗಳ ಮೇಲೆ ಹರಿಹಾಯ್ದೆ. ಅವಳು ನನ್ನ ಮಗಳೇ ಆದ್ದರಿಂದ ಕೇಳಲಿಲ್ಲ, ಕರೆಸಿದಳು.

ಬಂದ ಸಿಸ್ಟರ್ ಸಂಡೂರಿನವರೇ. ಮೂವತ್ತರ ಆಸುಪಾಸು, ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಮಾತು ಶುರು ಮಾಡುವ ಹೆಣ್ಣುಮಗಳು. ನನ್ನ ಗಂಡನ ನಾಡಿ, ನಾಲಿಗೆ, ಹೊಟ್ಟೆ ಎಲ್ಲ ನೋಡಿದ ಮೇಲೆ ನನ್ನ ಕಡೆ ತಿರುಗಿ ಕೇಳಿದರು.

"ನೀವು ನಿದ್ದಿ ಮಾಡ್ತೀರೇನ್ರಿ? ಹೊತ್ತಿಗೆ ಸರಿಯಾಗಿ ಉಣ್ತೀರೇನು?"

ಇವರಿಗೆ ಯಾರು ರೋಗಿ ಅಂತಲೇ ಗೊತ್ತಾಗಿಲ್ಲ ಎಂದುಕೊಂಡೆ. "ಪೇಷಂಟ್ ನಾನಲ್ರಿ, ಅವರು" ಎಂದೆ.

"ಗೊತ್ತೈತ್ರಿ ಮೇಡಂ. ನಮ್ಮ ಫೈಲಿನಾಗ ಇಬ್ಬರ ಹೆಸರೂ ಬರಕೊಂತೀವಿ. ಜಡ್ಡು ಒಬ್ಬರಿಗೆ ಬಂದ್ರೂ ಅನುಭೋಗ್ಸೋರು ಇಬ್ಬರು."

ಫೈಲನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. ಅವರ ಹೆಸರಿನ ಕೆಳಗೆ ನನ್ನ ಹೆಸರು, ಅದರ ಮುಂದೆ ನಿದ್ದೆ, ಊಟ, ಬೆನ್ನುನೋವು ಎಂದು ಖಾನೆಗಳು. ನನ್ನ ಬೆನ್ನುನೋವಿಗೆ ಸರ್ಕಾರಿ ಸೇವೆಯಲ್ಲೇ ಯಾರೂ ಖಾನೆ ಕೊಟ್ಟಿರಲಿಲ್ಲ.

ನೋವಿಗೆ ಅವರ ಸಂಸ್ಥೆಯ ಡಾಕ್ಟರು ಮಾರ್ಫಿನ್ ಗುಳಿಗೆ ಬರೆದಿದ್ದರು. ಬೆಳಗ್ಗೆ ಆರಕ್ಕೆ, ಹತ್ತಕ್ಕೆ, ಮಧ್ಯಾಹ್ನ ಎರಡಕ್ಕೆ, ಸಂಜೆ ಆರಕ್ಕೆ, ಮಲಗುವಾಗ ಹತ್ತಕ್ಕೆ. ಜೊತೆಗೆ ಸಿಸ್ಟರ್ ಕೊಟ್ಟ ಒಂದು ಸಿರಪ್ಪಿನ ಬಾಟಲಿಯನ್ನು ಗೂಡಿನಲ್ಲಿಟ್ಟೆ. ಚೀಟಿ ಓದಿದ ನನ್ನ ಗಂಡ ನಕ್ಕರು. "ಆರು, ಎರಡು, ಹತ್ತು. ನೌಕರಿ ಬಿಟ್ರೂ ಶಿಫ್ಟು ನನ್ನ ಬಿಡವಲ್ದು ನೋಡು."

ಇನ್ನು ಮುಂದಿನದು ನನ್ನ ಬುದ್ಧಿವಂತಿಕೆಯ ಕತೆ. ನಾನು ವಿಜ್ಞಾನದ ಟೀಚರು. ಮಾದಕ ವಸ್ತು ವಿರೋಧಿ ದಿನ ಬಂತೆಂದರೆ ಮಕ್ಕಳ ಕೈಗೆ ಫಲಕ ಕೊಟ್ಟು ಕಂಪ್ಲಿಯ ಬಸ್‌ಸ್ಟ್ಯಾಂಡಿನತನಕ ಘೋಷಣೆ ಕೂಗಿಸುವವಳು. ಮಾರ್ಫಿನ್ ಅಫೀಮಿನಿಂದ ಮಾಡಿದ್ದು, ಅವರಿಗೆ ಚಟ ಹತ್ತಿಬಿಟ್ಟರೆ ಎಂಬ ಭಯ ನನಗೆ. ಅದರ ಮೇಲೆ ಮೊದಲ ಎರಡು ದಿನ ಗುಳಿಗೆ ನುಂಗಿ ಅವರು ಹಗಲೆಲ್ಲ ಮಲಗಿಬಿಟ್ಟರು. ಉಳಿದಿರುವುದೇ ಇಷ್ಟು, ಅದೂ ನಿದ್ದೆಯಲ್ಲಿ ಹೋದರೆ ನನಗೇನು ಸಿಕ್ಕಂತಾಯಿತು? ಮೂರನೇ ದಿನದಿಂದ ತರಕಾರಿ ಚಾಕು ತೆಗೆದುಕೊಂಡು ಒಂದೊಂದೇ ಗುಳಿಗೆಯನ್ನು ಅರ್ಧ ಮಾಡಿ ಡಬ್ಬಿಯಲ್ಲಿಡತೊಡಗಿದೆ. ಹತ್ತನೇ ತರಗತಿಯ ಪರೀಕ್ಷೆ ಹತ್ತಿರ ಬಂದಿದ್ದರಿಂದ ನನಗೆ ರಜೆ ಇರಲಿಲ್ಲ. ಹಗಲು ಹೊತ್ತು ಅವರ ಅಕ್ಕ ಬುಕ್ಕಸಾಗರದಿಂದ ಬಂದು ಮನೆಯಲ್ಲಿರುತ್ತಿದ್ದರು. ಅಕ್ಕ ನಾನು ಇಟ್ಟದ್ದನ್ನು ಹೊತ್ತಿಗೆ ಸರಿಯಾಗಿ, ನೀರಿನ ಲೋಟದ ಸಮೇತ ಕೊಡುತ್ತಿದ್ದರು.

ಸಂಜೆ ನಾನು ಬಸ್ಸಿಳಿದು ಬರುವ ಹೊತ್ತಿಗೆ ನನ್ನ ಗಂಡ ಅಂಗಿಯ ಗುಂಡಿ ಹಾಕಿಕೊಂಡು, ತಲೆ ಬಾಚಿಕೊಂಡು ಮಂಚದ ಮೇಲೆ ಎದ್ದು ಕೂತಿರುತ್ತಿದ್ದರು. ಹೆಂಗ ಅದೀರಿ ಎಂದರೆ ಮಸ್ತ್ ಅದೀನಿ ಎನ್ನುತ್ತಿದ್ದರು. ಹಣೆಯ ಮೇಲೆ ಮಾತ್ರ ಬೆವರು, ಹೊಟ್ಟೆಗೆ ಅವುಚಿ ಹಿಡಿದ ದಿಂಬು. ಹೀಗೆ ಎರಡು ವಾರ ನೋಡಿದೆ. ಆಮೇಲೆ ಸಿಸ್ಟರ್ ಬಂದಾಗ ಜಗಳಕ್ಕೇ ನಿಂತೆ. ನಿಮ್ಮ ಗುಳಿಗೆಯಿಂದ ಕವಡೆಕಾಸಿನ ಪ್ರಯೋಜನವಿಲ್ಲ, ಮನುಷ್ಯ ಕೂತಲ್ಲೇ ಬೇಯುತ್ತಿದ್ದಾರೆ ಎಂದೆ. ಅರ್ಧ ಮಾಡಿದ್ದು ನಾನೇ ಎಂಬುದು ಆ ಸಿಟ್ಟಿನಲ್ಲಿ ಮರೆತೇ ಹೋಗಿತ್ತೋ, ಬೇಕಂತಲೇ ಮರೆತಿದ್ದೆನೋ, ಈಗ ಹೇಳಲಾರೆ.

ಸಿಸ್ಟರ್ ನನ್ನ ಗಂಡನ ಕಡೆ ತಿರುಗಿದರು. ಅವರನ್ನು ಕೇಳಿದರು. "ಅಣ್ಣಾರ, ಮೋಶನ್ ಸರಿಯಾಗಿ ಆಗ್ತೈತೇನ್ರಿ?"

"ಗಡಿಯಾರ ಇದ್ದಂಗ್ರಿ" ಎಂದರು ನನ್ನ ಗಂಡ, ಸ್ವಲ್ಪ ಹೆಮ್ಮೆಯಿಂದಲೇ.

ಬರೆಯುತ್ತಿದ್ದ ಸಿಸ್ಟರ್ ಪೆನ್ನು ಕೆಳಗಿಟ್ಟರು. ಗೂಡಿನಲ್ಲಿದ್ದ ಸಿರಪ್ಪಿನ ಬಾಟಲಿ ತೆಗೆದು ಬೆಳಕಿಗೆ ಹಿಡಿದರು. ಮುಚ್ಚಳದ ಸೀಲು ಒಡೆದಿರಲಿಲ್ಲ.

"ಈ ಗುಳಿಗಿ ನುಂಗಿದೋರಿಗೆ ಮೊದಲು ಹೊಟ್ಟಿ ಕಟ್ಟತೈತ್ರಿ. ಅದಕ್ಕಂತನ ಈ ಸಿರಪ್ ಕೊಟ್ಟು ಹೋಗಿದ್ದೆ. ಎರಡು ವಾರಾತು, ಬಾಟಲಿ ಹಂಗ ಐತಿ, ಮೋಶನ್ನೂ ಗಡಿಯಾರ ಇದ್ದಂಗ ಐತಿ. ಹಂಗಾರ ಗುಳಿಗಿ ಎಲ್ಲಿಗೆ ಹೋಗಾಕತ್ತಾವ್ರಿ?"

ಮೊದಲು ನಾನೇ ಒಪ್ಪಿಕೊಂಡೆ. ಚಾಕು, ಡಬ್ಬಿ, ಅರ್ಧರ್ಧ, ಎಲ್ಲ ಹೇಳಿದೆ. ಇಪ್ಪತ್ತೆಂಟು ವರ್ಷ ಕಾಪಿ ಹೊಡೆದ ಮಕ್ಕಳನ್ನು ನಿಲ್ಲಿಸಿ ಕೇಳಿದವಳು ಅವತ್ತು ಅವರ ಜಾಗದಲ್ಲಿ ನಿಂತಿದ್ದೆ. ನನ್ನದು ಮುಗಿದ ಮೇಲೆ ನನ್ನ ಗಂಡ ದಿಂಬಿನ ಕೆಳಗಿನಿಂದ ಕನ್ನಡಕದ ಡಬ್ಬಿ ತೆಗೆದು ಮಂಚದ ಮೇಲೆ ಬಿಚ್ಚಿಟ್ಟರು. ಒಳಗೆ ಕನ್ನಡಕ ಇರಲಿಲ್ಲ. ಅರ್ಧ ಗುಳಿಗೆಗಳು ಇದ್ದವು, ಕೆಲವಕ್ಕೆ ಹತ್ತಿಯ ನೂಲು ಅಂಟಿತ್ತು.

"ಇವು ಎರಡು ಗಂಟೀವ್ರಿ" ಎಂದರು ಸಿಸ್ಟರಿಗೆ. "ಎರಡರದ್ದು ನುಂಗಿದ್ರ ಸಂಜೀತನ ಜೋಂಪು ಹತ್ತತಿತ್ತು. ಆಕಿ ಬಸ್ಸಿಳಿದು ಬರ್ತಾಳ, ನಾ ಗೊರಕಿ ಹೊಡಕೊಂತ ಬಿದ್ದಿರ್ತೀನಿ. ಇಪ್ಪತ್ತೊಂಬತ್ತು ವರ್ಷ ಅದನ್ನ ಮಾಡೀನಿ. ಇನ್ನ ಸಾಕು ಅನ್ನಿಸ್ತು."

ನನಗೆ ನಗುವೂ ಬಂತು, ಅಳುವೂ ಬಂತು, ಅವೆರಡಕ್ಕಿಂತ ಮುಂಚೆ ಸಿಟ್ಟು ಬಂತು. "ನಿಮಗ ಬುದ್ಧಿ ಐತೇನ್ರಿ? ನೋವು ತಿನ್ಕೊಂತ ತಲಿ ಬಾಚ್ಕೊಂಡು ಕುಂತಿದ್ರೇನು?"

"ನಿನಗ ಐತೇನು, ಸೈನ್ಸ್ ಟೀಚರ್ರ? ನನ್ನ ಗುಳಿಗಿ ಬದನಿಕಾಯಿ ಹೆಚ್ಚಿದಂಗ ಹೆಚ್ಚೀದಿ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕನಿಗೆ ಬೇರೆಯದೇ ದುಃಖ. "ನನ್ನ ಕೈಯಾಗ ನೀರಿನ ಲೋಟ ಹಿಡಿಸಿ ನಾಟಕ ಮಾಡಿದಿಯಲ್ಲೋ" ಎಂದು ತಮ್ಮನ ಮೇಲೆ ಹೊರಳಿದರು. ಮೂವರೂ ಸೇರಿ ಕಾಲು ತಾಸು ಜಗಳವಾಡಿದೆವು. ಸಿಸ್ಟರ್ ಸುಮ್ಮನೆ ಕೂತು ಚಹಾ ಕುಡಿದರು. ಲೋಟ ಖಾಲಿಯಾದ ಮೇಲೆ ನನ್ನನ್ನು ಕೇಳಿದರು. "ಅಣ್ಣಾರ ಹೇಳಿದ್ರು. ಈಗ ನೀವು ಹೇಳ್ರಿ ಮೇಡಂ. ನಿಮಗೇನು ಬೇಕು?"

ಹೇಳಿದೆ. ಅವರು ಎಚ್ಚರವಿರಬೇಕು, ನೋವಿರಬಾರದು, ನನ್ನ ಜೋಡಿ ಕೂತಿರಬೇಕು. ಅವರ ಎದುರಿಗೇ ಹೇಳಿದೆ. ನನ್ನ ಗಂಡ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಾ ಕೂತರು. ಕಿವಿ ಕೆಂಪಾಗಿದ್ದವು.

"ಇಬ್ಬರಿಗೂ ಬೇಕಾಗಿದ್ದು ಒಂದ, ಇಬ್ಬರೂ ಕದ್ದು ಮಾಡಾಕತ್ತಿದ್ರಿ" ಎಂದರು ಸಿಸ್ಟರ್. ಆಮೇಲೆ ತಾಳ್ಮೆಯಿಂದ ತಿಳಿಸಿ ಹೇಳಿದರು. ಮೊದಲ ಕೆಲವು ದಿನದ ಜೋಂಪು ಹೆಚ್ಚಿನವರಿಗೆ ತಾನಾಗಿ ಇಳಿಯುತ್ತದೆ. ಮನುಷ್ಯನನ್ನು ಸುಸ್ತು ಮಾಡುವುದು ನೋವೇ, ನೋವು ತಗ್ಗಿದರೆ ಮಾತಿಗೂ ನಗುವಿಗೂ ಕಸುವು ಉಳಿಯುತ್ತದೆ. ಇಂಥ ನೋವಿಗೆ ಹೇಳಿದಷ್ಟು ತೆಗೆದುಕೊಂಡವರು ಚಟಕ್ಕೆ ಬೀಳುವ ಭಯ ಬೇಡ. ಡಾಕ್ಟರಿಗೆ ಫೋನ್ ಹಚ್ಚಿ, ನಾವು ಯಾವ ಹೊತ್ತಿನಲ್ಲಿ ಒಟ್ಟಿಗಿರಬೇಕೆಂದು ನಮ್ಮನ್ನೇ ಕೇಳಿ, ಗುಳಿಗೆಯ ಹೊತ್ತುಗಳನ್ನು ಅತ್ತಿತ್ತ ಸರಿಸಿ ಹೊಸ ಚೀಟಿ ಬರೆದರು. ನನ್ನ ರಜೆಗೆ ಬೇಕಾದ ಪತ್ರವನ್ನೂ ಡಾಕ್ಟರಿಂದ ಬರೆಸಿಕೊಟ್ಟರು. ಪರೀಕ್ಷೆ ಮುಗಿದ ಮೇಲೆ ನೋಡೋಣ ಎಂದು ನಾನು ಶುರು ಮಾಡಿದಾಗ ಅಕ್ಕ ನನ್ನನ್ನು ನೋಡಿದ ನೋಟಕ್ಕೆ ಬಾಯಿ ಮುಚ್ಚಿಕೊಂಡೆ.

ಹೊರಡುವಾಗ ಸಿಸ್ಟರ್ ಇನ್ನೊಂದು ಮಾತು ಹೇಳಿದರು. "ಸ್ಟೂಲಿನ ಮ್ಯಾಲ ಅಲ್ರಿ, ಮಂಚದ ಮ್ಯಾಲ ಕುಂದ್ರಿ. ಕಾಲು ಒತ್ರಿ, ಕೈ ಹಿಡಕೊಳ್ರಿ. ಅದೂ ಔಷಧನ." ಹಿರಿಯರ ಎದುರಿಗೆ ಗಂಡನ ಮಂಚದ ಮೇಲೆ ಕೂರುವುದು ಎಂದರೆ ನಮ್ಮ ಮನೆಯಲ್ಲಿ ಮುಗಿದೇ ಹೋಯಿತು. ಅಷ್ಟು ವರ್ಷ ಒಮ್ಮೆಯೂ ಕೂತಿರಲಿಲ್ಲ. ನಾನು ಅನುಮಾನಿಸುತ್ತಾ ನಿಂತಿದ್ದೆ. ಅಕ್ಕ ಬಂದು ಸ್ಟೂಲನ್ನು ಎತ್ತಿಕೊಂಡು ಅಡುಗೆಮನೆಗೆ ಒಯ್ದರು, ಮತ್ತೆ ಈಚೆಗೆ ತರಲೇ ಇಲ್ಲ. ಬೇರೆ ದಾರಿಯಿಲ್ಲದೆ ಕೂತೆ. "ಅಂತೂ ಜನರಲ್ ಶಿಫ್ಟ್ ಸಿಕ್ತು" ಎಂದರು ನನ್ನ ಗಂಡ.

ಆರು ವಾರ ಸಿಕ್ಕಿತು. ನಾಲ್ಕೈದು ದಿನದಲ್ಲಿ ಜೋಂಪು ಇಳಿಯಿತು, ಹಣೆಯ ಬೆವರು ಹೋಯಿತು, ಸಿರಪ್ಪಿನ ಬಾಟಲಿಯ ಸೀಲೂ ಒಡೆಯಿತು. ಹಗಲು ಹೊತ್ತಿನಲ್ಲಿ ಗಂಡ ಹೇಗಿರುತ್ತಾರೆ ಎಂದು ನನಗೆ ಗೊತ್ತೇ ಇರಲಿಲ್ಲ. ಪೇಪರನ್ನು ಹಿಂದಿನ ಪುಟದಿಂದ ಓದುತ್ತಾರೆ. ಪಕ್ಕದ ಮನೆಯವರು ಬೈಕ್ ಸ್ಟಾರ್ಟ್ ಮಾಡಿದರೆ ಸದ್ದು ಕೇಳಿಯೇ ಅದಕ್ಕೆ ಏನು ರಿಪೇರಿಯಾಗಬೇಕು ಎಂದು ಹೇಳುತ್ತಾರೆ. ನಾನು ಕುಕ್ಕರಿನ ಜೊತೆ ಮಾತಾಡುತ್ತೇನೆಂಬುದು ಅವರಿಗೂ ಹೊಸ ಸುದ್ದಿ. "ನೀ ಇಷ್ಟು ಮಾತಾಡ್ತಿ ಅಂತ ಮೊದಲ ಗೊತ್ತಿದ್ರ ರಿಟೈರ್ ಆಗೂತನ ಸಿ ಶಿಫ್ಟೇ ಕೇಳ್ತಿದ್ದೆ" ಎಂದರು ಒಂದು ದಿನ. ಆರು ವಾರದಲ್ಲಿ ನಾವು ಆಡಿದ ಜಗಳಗಳು ಹಿಂದಿನ ಇಪ್ಪತ್ತೊಂಬತ್ತು ವರ್ಷದ್ದಕ್ಕಿಂತ ಹೆಚ್ಚು. ಜಗಳವಾಡಲಿಕ್ಕೂ ಇಬ್ಬರೂ ಎಚ್ಚರವಿರಬೇಕಲ್ಲ.

ಕಾಯಿಲೆಯವರನ್ನು ಮಾತಾಡಿಸಲು ಬರುವವರದ್ದೇ ಒಂದು ಕಾಟ. ಬ್ರೆಡ್ಡು, ಎಳನೀರು ಹಿಡಿದು ಬರುತ್ತಾರೆ, ಬಂದು ಕೂತು ತಮಗೆ ಗೊತ್ತಿರುವ ಸತ್ತವರ ಪಟ್ಟಿ ಹೇಳುತ್ತಾರೆ. ಸಂಜೆ ನಾಲ್ಕರಿಂದ ಆರರವರೆಗೆ ಯಾರನ್ನೂ ಒಳಗೆ ಬಿಡಬೇಡಿ, ಅದು ಅವರಿಬ್ಬರ ಹೊತ್ತು ಎಂದು ಸಿಸ್ಟರ್ ಅಕ್ಕನಿಗೆ ಹೇಳಿದ್ದರು. ಅಕ್ಕ ಅದನ್ನು ಅಕ್ಷರಶಃ ಪಾಲಿಸಿದರು. ಬಾಗಿಲಿಗೆ ಅಡ್ಡ ಕೂತು, ಅವಲಕ್ಕಿ ಆರಿಸುತ್ತಾ, ಬಂದವರಿಗೆಲ್ಲ "ಡ್ಯೂಟಿ ಮ್ಯಾಲ ಅದಾನ್ರಿ, ಆರರ ಮ್ಯಾಲ ಬರ್ರಿ" ಎನ್ನುತ್ತಿದ್ದರು. ಒಳಗೆ ನಾವು ಚಹಾ ಕುಡಿಯುತ್ತಾ ನಗು ತಡೆದುಕೊಳ್ಳುತ್ತಿದ್ದೆವು.

ಒಮ್ಮೆ ಸಿಸ್ಟರ್, ಇಬ್ಬರೂ ಎಲ್ಲಿಗಾದರೂ ಹೋಗಬೇಕೆನಿಸುತ್ತದೆಯೇ ಎಂದು ಕೇಳಿದರು. ಹಂಪಿಗೆ ನಾವು ಬಂದ ನೆಂಟರನ್ನೆಲ್ಲ ಕರೆದೊಯ್ದಿದ್ದೇವೆ, ಇಬ್ಬರೇ ಹೋದದ್ದಿಲ್ಲ. ಮುಂದಿನ ವಾರ ಅವರ ವ್ಯಾನಿನಲ್ಲೇ, ಗುಳಿಗೆ ನುಂಗಿಸಿ, ದಿಂಬು ಒತ್ತುಕೊಟ್ಟು ಹೊರಡಿಸಿದರು. ಹಂಪಿಗೆ ಮುಂಚೆ ಸಿಗುವ ಕಡ್ಡಿರಾಂಪುರದಲ್ಲಿ ರಸ್ತೆ ಬದಿಯ ಹೋಟೆಲಿನಲ್ಲಿ ಮಿರ್ಚಿ ಕರಿಯುವ ವಾಸನೆ ಬಂತು. ನಿಲ್ಲಿಸ್ರಿ ಎಂದರು ನನ್ನ ಗಂಡ. ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದೆವು. ಒಗ್ಗರಣೆ ಮಂಡಕ್ಕಿ ಎರಡು ಚಮಚ, ಮಿರ್ಚಿಯ ತುದಿ ಒಂದಿಷ್ಟು, ಅಷ್ಟೇ ಅವರಿಗೆ ಸೇರಿದ್ದು. ಆದರೆ ಏಳಲು ಒಪ್ಪಲಿಲ್ಲ. ಬಾಡಿಗೆ ಸ್ಕೂಟರಿನಲ್ಲಿ ಹೋಗುವ ಪ್ರವಾಸಿಗಳನ್ನು ನೋಡುತ್ತಾ ಎರಡು ತಾಸು ಕೂತೆವು. ಹಂಪಿಗೆ ಹೊತ್ತಾಗುತ್ತದೆ ಎಂದು ನೆನಪಿಸಿದೆ.

"ಹಂಪಿ ಎಲ್ಲಿಗೂ ಹೋಗಂಗಿಲ್ಲ" ಎಂದರು. "ಇನ್ನೊಂದು ಪ್ಲೇಟ್ ಮಿರ್ಚಿ ಹೇಳು. ನೀ ತಿನ್ನು, ನಾ ನೋಡ್ತೀನಿ."

ನಾನು ತಿನ್ನುತ್ತಿರುವಾಗ ಅವರು ರಸ್ತೆಯ ಕಡೆಗೇ ನೋಡುತ್ತಾ ಹೇಳಿದರು. "ಕೊನಿಗೆ ನನ್ನ ಆಸ್ಪತ್ರಿಗೆ ಒಯ್ಯಬ್ಯಾಡ. ಯಾರು ಏನಂದ್ರೂ ಒಯ್ಯಬ್ಯಾಡ. ಮನ್ಯಾಗ, ನೀ ಇದ್ದಲ್ಲೇ ಇರ್ತೀನಿ." ಆಯ್ತ್ರಿ ಎಂದೆ. ಮಿರ್ಚಿ ಖಾರವಿತ್ತು, ಕಣ್ಣೀರಿಗೆ ಕಾರಣ ಹುಡುಕಬೇಕಾಗಲಿಲ್ಲ. ಹಂಪಿ ನೋಡದೆಯೇ ಮನೆಗೆ ಬಂದೆವು.

ಏಳನೆಯ ವಾರ ನೋವು ಏರಿತು. ಗುಳಿಗೆ ನುಂಗುವುದೂ ಕಷ್ಟವಾಗಿ, ಚರ್ಮದ ಕೆಳಗೆ ಸಣ್ಣ ಸೂಜಿಯಿಂದ ಔಷಧ ಕೊಡತೊಡಗಿದರು. ಒಂದು ಬೆಳಗ್ಗೆ ಸಿಸ್ಟರ್ ಬಂದವರು ಎಂದಿನ ಹಾಗೆ ಬಾಗಿಲಿನಿಂದಲೇ ಮಾತು ಶುರು ಮಾಡಲಿಲ್ಲ. ಮಂಚದ ಹತ್ತಿರ ಕೂತು, ಇಬ್ಬರಿಗೂ ಕೇಳುವಂತೆ ಹೇಳಿದರು. ಈಗಿನ ನೋವಿಗೆ ಔಷಧ ಹೆಚ್ಚಿಸಬೇಕಾಗುತ್ತದೆ. ಹೆಚ್ಚಿಸಿದರೆ ನೋವು ಹಿಡಿತಕ್ಕೆ ಬರುತ್ತದೆ, ಆದರೆ ಹೆಚ್ಚು ಹೊತ್ತು ನಿದ್ದೆಯೇ. ಸ್ವಲ್ಪ ಕಡಿಮೆ ಕೊಟ್ಟರೆ ಎಚ್ಚರ ಉಳಿಯುತ್ತದೆ, ನೋವೂ ಉಳಿಯುತ್ತದೆ. ಡಾಕ್ಟರು ನಿಮ್ಮನ್ನೇ ಕೇಳಿ ಎಂದಿದ್ದಾರೆ.

ನನ್ನ ಗಂಡ ನನ್ನ ಮುಖ ನೋಡಿದರು. "ಏನ್ ಮಾಡೂಣು, ಟೀಚರ್ರ?"

ನಾನು ಎಚ್ಚರ ಇರ್ರಿ ಎಂದಿದ್ದರೆ ಇರುತ್ತಿದ್ದರು. ತಲೆ ಬಾಚಿಕೊಂಡು, ಹಲ್ಲು ಕಚ್ಚಿ, ಮಸ್ತ್ ಅದೀನಿ ಎನ್ನುತ್ತಾ ಇರುತ್ತಿದ್ದರು. ನನಗೆ ಬೇಕಾಗಿದ್ದೂ ಅದೇ. ಆ ಕ್ಷಣದಲ್ಲೂ ನನಗೆ ಅದೇ ಬೇಕಾಗಿತ್ತು, ಸುಳ್ಳು ಯಾಕೆ ಹೇಳಲಿ. ಇನ್ನೊಂದು ದಿನ, ಇನ್ನೊಂದು ಸಂಜೆ. ಬಾಯಿತನಕ ಬಂದದ್ದನ್ನು ನುಂಗಿಕೊಂಡೆ.

"ಮಲಗ್ರಿ" ಎಂದೆ.

"ನೀ ಎಲ್ಲಿರ್ತಿ?"

"ಇಲ್ಲೇ ಇರ್ತೀನ್ರಿ. ಎಲ್ಲಿಗೆ ಹೋಗ್ಲಿ?"

ಸಿಸ್ಟರ್ ಔಷಧ ಕೊಟ್ಟರು. ಹುಬ್ಬಿನ ಗಂಟು ಮೆಲ್ಲಗೆ ಸಡಿಲವಾಯಿತು, ನಿದ್ದೆ ಬಂತು. ಅವರಿಗೆ ಕೇಳಿಸುತ್ತಿರಬಹುದು, ಮಾತಾಡುತ್ತಿರಿ ಎಂದು ಹೇಳಿ ಸಿಸ್ಟರ್ ನನ್ನ ಬೆನ್ನ ಹಿಂದೆ ಒಂದು ದಿಂಬು ಇಟ್ಟು ಹೋದರು. ಎರಡು ದಿನ ನಾನು ಮಂಚದ ಮೇಲೆಯೇ ಕೂತು ಮಾತಾಡಿದೆ. ಮಗಳು ಬಂದಳು, ಅವಳೂ ಮಾತಾಡಿದಳು. ಆಸ್ಪತ್ರೆಗೆ ಒಯ್ಯೋಣ ಎಂದ ನೆಂಟರನ್ನು ಅಕ್ಕ ಹೊಸ್ತಿಲಲ್ಲೇ ತಡೆದರು.

ಮೂರನೆಯ ದಿನ ಬೆಳಗ್ಗೆ ಹನ್ನೊಂದರ ಸುಮಾರಿಗೆ ನಾನು ಅವರಿಗೆ ಒಂದು ತಪ್ಪೊಪ್ಪಿಗೆ ಹೇಳುತ್ತಿದ್ದೆ. ಸಿ ಶಿಫ್ಟಿನ ವಾರಗಳಲ್ಲಿ ಅವರನ್ನು ಇಳಿಸುವ ಕಂಪನಿ ಬಸ್ಸು ಬೆಳಗ್ಗೆ ಸರ್ಕಲ್ಲಿಗೆ ಬರುವ ಹೊತ್ತಿಗೆ ನಾನು ಯಾವಾಗಲೂ ಅಲ್ಲೇ ನಿಂತಿರುತ್ತಿದ್ದೆ. ಇವತ್ತೂ ಏಳೂವರೆಯ ಕಂಪ್ಲಿ ಬಸ್ಸು ತಪ್ಪಿಸಿಕೊಂಡಿಯಾ, ಎಂಥ ನಿಧಾನದ ಹೆಂಗಸು ನೀನು ಎಂದು ಅವರು ಬೈದು 'ಊಟ ಡಬ್ಬಿ ತಗೊಂಡೀಯೇನು' ಎಂದು ಕೇಳಿ ಮನೆಯ ಕಡೆ ನಡೆಯುತ್ತಿದ್ದರು. ಬಸ್ಸು ತಪ್ಪಿದ್ದಲ್ಲ, ಬೇಕಂತಲೇ ಬಿಡುತ್ತಿದ್ದೆ ಎಂದೆ. ಹೆಡ್‌ಮಾಸ್ತರರಿಂದ ಬೈಸಿಕೊಂಡದ್ದೆಲ್ಲ ಆ ಐದು ನಿಮಿಷಕ್ಕೆ ಎಂದು ಹೇಳುತ್ತಿರುವಾಗ ಅವರ ಉಸಿರು ನಿಂತಿತು. ಮುಂದಿನ ಉಸಿರಿಗೆ ಕಾದೆ, ಬರಲಿಲ್ಲ. ಹೇಳುತ್ತಿದ್ದ ಮಾತು ಇನ್ನೂ ಅರ್ಧಕ್ಕಿತ್ತು. ಕೈ ಬಿಡದೆ, ಅದನ್ನು ಕೊನೆಯತನಕ ಹೇಳಿ ಮುಗಿಸಿದೆ. ಆಮೇಲೆ ಅಕ್ಕನನ್ನು ಕರೆದೆ.